ತುರ್ತು ವೈದ್ಯಕೀಯ ಮಾಹಿತಿಯೂ ಟ್ಯಾಪ್ ಪಾವತಿಯೂ ಒಂದೇ ಕೈಪಟ್ಟಿಯಲ್ಲಿ: ಕೊಳ್ಳುವ ಮುನ್ನ ತೂಗಿ ನೋಡಬೇಕಾದ ಸಂಗತಿಗಳು

ನಮ್ಮ ತಂದೆಯವರು ಹನ್ನೆರಡು ವರ್ಷಗಳಿಂದ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದಾರೆ. ಒಂದು ದಿನ ಬೆಳಗಿನ ವಾಕಿಂಗ್‌ಗೆ ಹೋದವರು ಫೋನನ್ನೂ ಪರ್ಸನ್ನೂ ಮನೆಯಲ್ಲೇ ಬಿಟ್ಟು ಹೋಗಿದ್ದರು. ದಾರಿಯಲ್ಲಿ ಶುಗರ್ ಇಳಿಯಿತು. ಬೆವರು, ಕೈನಡುಕ, ತೊದಲುವ ಮಾತು. ಬಾಗಿಲು ಹಾಕಿದ್ದ ಅಂಗಡಿಯೊಂದರ ಜಗಲಿಯ ಮೇಲೆ ಕುಸಿದು ಕೂತ ಅವರನ್ನು ನೋಡಿದವರು ಬೆಳ್ಳಂಬೆಳಿಗ್ಗೆಯೇ ಕುಡಿದಿದ್ದಾರೆಂದು ತಿಳಿದು ದೂರ ಸರಿದರು. ಪರಿಚಯವಿದ್ದ ಹೂವಿನ ಅಮ್ಮ ಗುರುತು ಹಿಡಿದು, ಪಕ್ಕದ ಹೋಟೆಲಿನಿಂದ ಸಕ್ಕರೆ ಹೆಚ್ಚು ಹಾಕಿಸಿದ ಹಾಲು ತಂದು ಕುಡಿಸಿದ್ದರಿಂದ ಅವರು ಹತ್ತು ನಿಮಿಷದಲ್ಲಿ ಸರಿಹೋದರು. ಆ ದಿನ ಅವರ ಮೈಮೇಲೆ ಎರಡು ವಸ್ತುಗಳು ಇರಲಿಲ್ಲ. ಕಾಯಿಲೆ ಏನೆಂದು ಅಪರಿಚಿತರಿಗೆ ಹೇಳುವ ಗುರುತು ಒಂದು. ತಲೆ ತಿರುಗುವ ಮೊದಲ ಸೂಚನೆ ಸಿಕ್ಕಾಗಲೇ ಒಂದು ಜ್ಯೂಸ್ ಪೊಟ್ಟಣ ಕೊಳ್ಳಲು ಬೇಕಾದ ಹಣ ಇನ್ನೊಂದು. ಈ ಎರಡನ್ನೂ ಒಂದೇ ಕೈಪಟ್ಟಿಯಲ್ಲಿ ಕೂಡಿಸುವ ಸಾಧನಗಳ ಬಗ್ಗೆ ನಾನು ಓದಲು, ಕೇಳಲು, ಕೊಂಡು ಪರೀಕ್ಷಿಸಲು ಆರಂಭಿಸಿದ್ದು ಆ ಮೇಲೆ. ಇದೇ ಹುಡುಕಾಟದಲ್ಲಿರುವ ಕುಟುಂಬಗಳಿಗೆ ನೆರವಾಗಲೆಂದು, ನಾನು ಕಂಡುಕೊಂಡ ವ್ಯತ್ಯಾಸಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ವೈದ್ಯಕೀಯ ಗುರುತಿನ ಪಟ್ಟಿಗೆ ದೀರ್ಘ ಇತಿಹಾಸವಿದೆ. ಅಮೆರಿಕದ ಕ್ಯಾಲಿಫೋರ್ನಿಯಾದ ಟರ್ಲಾಕ್ ಎಂಬ ಊರಿನ ವೈದ್ಯ ಮೇರಿಯನ್ ಕಾಲಿನ್ಸ್ ಅವರ ಮಗಳಿಗೆ 1953ರಲ್ಲಿ ಟೆಟನಸ್ ಪ್ರತಿವಿಷ ಒಗ್ಗದೆ ಪ್ರಾಣಕ್ಕೇ ಅಪಾಯ ಬಂದಿತ್ತು. ಅದರ ಫಲವಾಗಿ ಆ ಕುಟುಂಬ 1956ರಲ್ಲಿ ಮೆಡಿಕ್‌ಅಲರ್ಟ್ ಸಂಸ್ಥೆಯನ್ನು ಸ್ಥಾಪಿಸಿತು. ಲೋಹದ ಮೇಲೆ ಕೆತ್ತಿದ ಕೆಲವೇ ಪದಗಳು ಪ್ರಜ್ಞೆಯಿಲ್ಲದ ವ್ಯಕ್ತಿಯ ಪರವಾಗಿ ಮಾತನಾಡಬೇಕೆಂಬ ಆ ಕಲ್ಪನೆ ಇಂದಿಗೂ ಬದಲಾಗಿಲ್ಲ. ಅಂಗಡಿಯ ಮಷೀನಿಗೆ ತಾಗಿಸಿದರೆ (ಟ್ಯಾಪ್ ಮಾಡಿದರೆ) ಹಣ ಸಂದಾಯವಾಗುವ ಪಾವತಿಯ ಚಿಪ್ ಅದರೊಳಗೆ ಸೇರಿಕೊಂಡದ್ದು ಮಾತ್ರ ಇತ್ತೀಚಿನದು. ನಮ್ಮ ದೇಶದಲ್ಲಿ ಕಾರ್ಡಿನ ಟೋಕನೈಸೇಶನ್ ಸೌಲಭ್ಯವನ್ನು (ಕಾರ್ಡಿನ ನಿಜವಾದ ಸಂಖ್ಯೆಯ ಬದಲು ಬೇರೊಂದು ಸಂಕೇತವನ್ನು ಸಾಧನದಲ್ಲಿ ಬಳಸುವ ವ್ಯವಸ್ಥೆ) ರಿಸರ್ವ್ ಬ್ಯಾಂಕ್ 2019ರಲ್ಲಿ ಫೋನ್ ಮತ್ತು ಟ್ಯಾಬ್ಲೆಟ್‌ಗಳಿಗೆ ಅನುಮತಿಸಿ, 2021ರ ಆಗಸ್ಟ್‌ನಲ್ಲಿ ಕೈಗಡಿಯಾರ, ಕೈಪಟ್ಟಿಯಂತಹ ಧರಿಸುವ ಸಾಧನಗಳಿಗೂ ವಿಸ್ತರಿಸಿತು.

ಎರಡು ಕೆಲಸಗಳ ಗುಣ ಒಂದಕ್ಕೊಂದು ವಿರುದ್ಧ

ಯಾವುದೇ ಜೋಡಿ ಪಟ್ಟಿಯನ್ನು ಕೈಗೆತ್ತಿಕೊಂಡಾಗಲೂ ಮೊದಲು ನೆನಪಿನಲ್ಲಿಡಬೇಕಾದ ವಿಷಯವಿದು: ಹಣ ಮುಚ್ಚಿಡಬೇಕಾದದ್ದು, ಕಾಯಿಲೆಯ ಮಾಹಿತಿ ತೆರೆದಿಡಬೇಕಾದದ್ದು. ಪಾವತಿಯ ಚಿಪ್ ಅಪರಿಚಿತರಿಗೆ ಏನನ್ನೂ ಹೇಳಬಾರದು. ಬ್ಯಾಂಕ್ ಒಪ್ಪದಿದ್ದರೆ ಕೆಲಸ ಮಾಡಬಾರದು. ಕಳೆದುಹೋದ ಕ್ಷಣವೇ ಸಾಯಬೇಕು. ವೈದ್ಯಕೀಯ ಗುರುತು ಇದಕ್ಕೆ ತದ್ವಿರುದ್ಧ. ಅದು ದಾರಿಹೋಕರಿಗೂ ಓದಲು ಸಿಗಬೇಕು, ಯಾರ ಅನುಮತಿಯನ್ನೂ ಕಾಯಬಾರದು, ಬ್ಯಾಟರಿ ಮುಗಿದರೂ ನೆಟ್‌ವರ್ಕ್ ಇಲ್ಲದಿದ್ದರೂ ಚಂದಾ ನವೀಕರಿಸಲು ಮರೆತರೂ ಮಾತನಾಡುತ್ತಲೇ ಇರಬೇಕು. ಒಂದೇ ವಸ್ತು ಈ ಎರಡೂ ಗುಣಗಳನ್ನು ಹೊತ್ತಿರುವಾಗ, ಒಂದರ ದೋಷ ಇನ್ನೊಂದನ್ನು ಕೆಡಿಸದಂತೆ ತಯಾರಕರು ಎಷ್ಟು ಎಚ್ಚರ ವಹಿಸಿದ್ದಾರೆ ಎಂಬುದೇ ನನ್ನ ಮಟ್ಟಿಗೆ ಆಯ್ಕೆಯ ಮೊದಲ ಅಳತೆಗೋಲು. ಪಾವತಿಯ ಭಾಗ ಸಂಪೂರ್ಣ ಕೆಟ್ಟುಹೋದ ದಿನವೂ ಕಾಯಿಲೆಯ ಹೆಸರು ಬರಿಗಣ್ಣಿಗೆ ಕಾಣುತ್ತದೆಯೇ ಎಂದು ಕೇಳಿ ನೋಡಿ. ಇಲ್ಲವೆಂಬ ಉತ್ತರ ಬಂದರೆ ಅಂತಹ ಪಟ್ಟಿಯನ್ನು, ಅದು ಎಷ್ಟೇ ಅಂದವಾಗಿದ್ದರೂ, ವೈದ್ಯಕೀಯ ಗುರುತೆಂದು ನಂಬಬೇಡಿ.

ಹಾಗಿದ್ದರೆ ಎರಡನ್ನೂ ಏಕೆ ಕೂಡಿಸಬೇಕು ಎಂಬ ಪ್ರಶ್ನೆ ಸಹಜ. ನನಗೆ ಸಿಕ್ಕ ಪ್ರಬಲ ಉತ್ತರ ಅಭ್ಯಾಸಕ್ಕೆ ಸಂಬಂಧಿಸಿದ್ದು. ಕೇವಲ ಕಾಯಿಲೆಯನ್ನು ಸಾರುವ ಪಟ್ಟಿಯನ್ನು ಧರಿಸಲು ಹಿರಿಯರಿಗೂ ಹದಿಹರೆಯದವರಿಗೂ ಮುಜುಗರ. ಕೆಲವು ವಾರಗಳಲ್ಲಿ ಅದು ಬೀರುವಿನ ಖಾನೆ ಸೇರುತ್ತದೆ. ದಿನಾ ಹಾಲು, ಔಷಧಿ, ಪೆಟ್ರೋಲಿಗೆ ಬಳಸುವ ವಸ್ತುವಾದರೆ ಬೆಳಿಗ್ಗೆ ಎದ್ದ ತಕ್ಷಣ ಕೈ ತಾನಾಗಿಯೇ ಅದನ್ನು ಹುಡುಕುತ್ತದೆ. ಮೈಮೇಲಿಲ್ಲದ ಗುರುತಿನಿಂದ ಯಾರಿಗೂ ಉಪಯೋಗವಿಲ್ಲವಾದ್ದರಿಂದ, ಈ ಲಾಭವನ್ನು ಹಗುರವಾಗಿ ಕಾಣುವಂತಿಲ್ಲ.

ಚಿಪ್ ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಕೈಕೊಡುತ್ತದೆ

ಟ್ಯಾಪ್ ಪಾವತಿಯೂ, ಫೋನ್ ತಾಗಿಸಿದಾಗ ಮಾಹಿತಿ ತೆರೆದುಕೊಳ್ಳುವ ವೈದ್ಯಕೀಯ ಟ್ಯಾಗ್ ಕೂಡ 13.56 ಮೆಗಾಹರ್ಟ್ಸ್ ತರಂಗದ ಎನ್‌ಎಫ್‌ಸಿ ತಂತ್ರವನ್ನೇ (ಎರಡು ಸಾಧನಗಳನ್ನು ತೀರ ಹತ್ತಿರ ತಂದಾಗ ತಂತಿಯಿಲ್ಲದೆ ಮಾಹಿತಿ ಸಾಗಿಸುವ ವಿಧಾನ) ಬಳಸುತ್ತವೆ. ಪಟ್ಟಿಯೊಳಗಿನ ಚಿಪ್‌ಗೆ ತನ್ನದೇ ಬ್ಯಾಟರಿ ಬೇಕಿಲ್ಲ; ಎದುರಿನ ಯಂತ್ರ ಹೊಮ್ಮಿಸುವ ಕಾಂತಕ್ಷೇತ್ರದಿಂದಲೇ ಅದು ಶಕ್ತಿ ಪಡೆಯುತ್ತದೆ. ದೂರ ಸಾಮಾನ್ಯವಾಗಿ 4 ಸೆಂಟಿಮೀಟರ್ ಒಳಗಿರಬೇಕು. ಪಾವತಿಯಲ್ಲಿ ಈ ವ್ಯವಸ್ಥೆ ಸೊಗಸಾಗಿ ನಡೆಯುತ್ತದೆ, ಏಕೆಂದರೆ ಅಂಗಡಿಯ ಸ್ವೈಪಿಂಗ್ ಮಷೀನ್ ಸದಾ ಸಿದ್ಧವಾಗಿರುತ್ತದೆ. ವೈದ್ಯಕೀಯ ಮಾಹಿತಿಯಲ್ಲಿ ಹಾಗಲ್ಲ. ನಾವು ಕೊಂಡ ಟ್ಯಾಗನ್ನು ಮನೆಗೆ ಬಂದಿದ್ದ ನೆಂಟರ ಐದು ಫೋನ್‌ಗಳಿಂದ ಓದಿಸಲು ನೋಡಿದೆ. ಎರಡು ಅಗ್ಗದ ಫೋನ್‌ಗಳಲ್ಲಿ ಎನ್‌ಎಫ್‌ಸಿ ಸೌಲಭ್ಯವೇ ಇರಲಿಲ್ಲ. ಎರಡರಲ್ಲಿ ಇದ್ದರೂ ಸೆಟ್ಟಿಂಗ್ಸ್‌ನಲ್ಲಿ ಆಫ್ ಆಗಿತ್ತು. ಒಂದೇ ಒಂದು ಫೋನ್ ತಾಗಿಸಿದ ಕೂಡಲೇ ಪುಟ ತೆರೆಯಿತು. ಐಫೋನ್‌ಗಳಲ್ಲಿಯೂ 2018ರ ಎಕ್ಸ್‌ಎಸ್, ಎಕ್ಸ್‌ಆರ್ ಮಾದರಿಗಳಿಂದ ಈಚಿನವು ಮಾತ್ರ ಬೇರೆ ಆ್ಯಪ್ ಇಲ್ಲದೆ ಟ್ಯಾಗ್ ಓದುತ್ತವೆ. ಬಸ್ ನಿಲ್ದಾಣದಲ್ಲಿ ಬಿದ್ದವರ ಸುತ್ತ ನೆರೆದ ಗುಂಪಿನಲ್ಲಿ ಯಾರ ಬಳಿ ಯಾವ ಫೋನ್ ಇರುತ್ತದೆಂದು ನಾವು ನಿರ್ಧರಿಸಲಾಗುವುದಿಲ್ಲ. ಕ್ಯೂಆರ್ ಸಂಕೇತ ಈ ದೃಷ್ಟಿಯಿಂದ ಮೇಲು. ನಮ್ಮ ಜನ ಇಂದು ಕ್ಯೂಆರ್ ಕಂಡ ಕೂಡಲೇ ಫೋನ್ ತೆಗೆಯುವಷ್ಟು ರೂಢಿಸಿಕೊಂಡಿದ್ದಾರೆ. ಆದರೆ ಅದು ಗೀಚಿ ಹಾಳಾಗುತ್ತದೆ, ಬಾಗಿದ ಪಟ್ಟಿಯ ಮೇಲೆ ಮುದ್ರಿಸಿದ್ದರೆ ಕ್ಯಾಮೆರಾಗೆ ಪೂರ್ತಿ ಕಾಣುವುದಿಲ್ಲ, ಜೊತೆಗೆ ಅದು ಕರೆದೊಯ್ಯುವ ಜಾಲತಾಣ ಜೀವಂತವಾಗಿರಬೇಕು.

ಕನ್ನಡದಲ್ಲಿ ಮಾಹಿತಿ ತುಂಬಿಸಲು ಬಯಸುವವರಿಗೆ ಮತ್ತೊಂದು ಸೂಕ್ಷ್ಮವಿದೆ. ಇಂತಹ ಟ್ಯಾಗ್‌ಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಎನ್‌ಟ್ಯಾಗ್ 213 ಚಿಪ್ ಹಿಡಿಯುವುದು 144 ಬೈಟ್ ಮಾತ್ರ. ಎನ್‌ಟ್ಯಾಗ್ 216 ಆದರೆ 888 ಬೈಟ್. ಅಕ್ಷರಗಳನ್ನು ಬೈಟ್‌ಗಳಾಗಿ ಕೂಡಿಡುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು, ಗುಣಿತವೂ ಒತ್ತೂ ಬೇರೆ ಬೇರೆ ಸಂಕೇತಗಳಾಗಿ ಲೆಕ್ಕಕ್ಕೆ ಬರುತ್ತವೆ. ‘ಇನ್ಸುಲಿನ್’ ಎಂಬ ಒಂದು ಪದ ಕನ್ನಡ ಲಿಪಿಯಲ್ಲಿ 27 ಬೈಟ್ ನುಂಗಿದರೆ, ರೋಮನ್ ಲಿಪಿಯಲ್ಲಿ 7 ಬೈಟ್ ಸಾಕು. ಆದ್ದರಿಂದ ಮಾಹಿತಿಯನ್ನು ನೇರವಾಗಿ ಚಿಪ್‌ನೊಳಗೇ ಬರೆಯುವ ಮಾದರಿಯನ್ನು ಆರಿಸಿಕೊಳ್ಳುವುದಾದರೆ (ನೆಟ್‌ವರ್ಕ್ ಇಲ್ಲದ ಕಡೆಯೂ ಓದಬಹುದಾದ್ದರಿಂದ ಅದೇ ಒಳ್ಳೆಯದು) 888 ಬೈಟ್‌ನ ಚಿಪ್ಪೇ ಇದೆಯೆಂದು ಮಾರುವವರಿಂದ ಖಚಿತಪಡಿಸಿಕೊಳ್ಳಿ.

ನಮ್ಮ ಮುಂದಿರುವ ಆಯ್ಕೆಗಳು

ಮೊದಲನೆಯದು ಅತ್ಯಂತ ಸರಳವಾದದ್ದು: ಕೆತ್ತನೆಯ ಉಕ್ಕಿನ ಪಟ್ಟಿ ಕೈಯಲ್ಲಿ, ಪಾವತಿಯ ಕಾರ್ಡು ಅಥವಾ ಫೋನ್ ಜೇಬಿನಲ್ಲಿ. ಇದು ಕೂಡಿಸಿದ ಸಾಧನವೇ ಅಲ್ಲವಾದರೂ ಹೋಲಿಕೆಗೆ ಆಧಾರವಾಗಿ ಇದನ್ನು ಇಟ್ಟುಕೊಳ್ಳಲೇಬೇಕು, ಏಕೆಂದರೆ ವೈದ್ಯಕೀಯ ಗುರುತಾಗಿ ಇದನ್ನು ಮೀರಿಸಿದ್ದು ನನಗೆ ಕಂಡಿಲ್ಲ. 316ಎಲ್ ದರ್ಜೆಯ ಉಕ್ಕಿನ ಮೇಲೆ ಲೇಸರ್‌ನಿಂದ ಆಳವಾಗಿ ಕೆತ್ತಿಸಿದರೆ ಕರಾವಳಿಯ ಉಪ್ಪುಗಾಳಿಗೂ ಬೆವರಿಗೂ ಅದು ಬಹುಕಾಲ ತಾಳುತ್ತದೆ. ನಿಕ್ಕೆಲ್ ಲೋಹಕ್ಕೆ ಚರ್ಮ ತುರಿಸುವವರು ಟೈಟಾನಿಯಂ ನೋಡಬಹುದು. ಕೊರತೆ ಒಂದೇ: ಫೋನನ್ನೂ ಪರ್ಸನ್ನೂ ಮನೆಯಲ್ಲಿ ಬಿಟ್ಟ ದಿನ ಇದರಿಂದ ಒಂದು ಲೋಟ ಹಾಲೂ ಹುಟ್ಟುವುದಿಲ್ಲ.

ಎರಡನೆಯದು ಬ್ಯಾಂಕ್ ನೀಡುವ ಪಾವತಿ ಪಟ್ಟಿಗೆ ಪ್ರತ್ಯೇಕವಾದ ವೈದ್ಯಕೀಯ ಫಲಕವನ್ನು ತೂರಿಸಿಕೊಳ್ಳುವುದು. ಟೈಟನ್ ಸಂಸ್ಥೆ ಸ್ಟೇಟ್ ಬ್ಯಾಂಕಿನೊಡನೆ ಸೇರಿ 2020ರಲ್ಲಿ ಗಡಿಯಾರದ ಪಟ್ಟಿಯಲ್ಲೇ ಚಿಪ್ ಅಡಗಿಸಿದ ಟೈಟನ್ ಪೇ ಗಡಿಯಾರಗಳನ್ನು ಹೊರತಂದಿತು. ಆಕ್ಸಿಸ್ ಬ್ಯಾಂಕ್ 2021ರ ಮಾರ್ಚ್‌ನಲ್ಲಿ ‘ವೇರ್ ಎನ್ ಪೇ’ ಎಂಬ ಹೆಸರಿನಲ್ಲಿ ಕೈಪಟ್ಟಿ, ಕೀಚೈನ್, ಗಡಿಯಾರದ ಲೂಪ್ ಎಂಬ ಮೂರು ರೂಪಗಳನ್ನು 750 ರೂಪಾಯಿ ಬೆಲೆಗೆ ಬಿಡುಗಡೆ ಮಾಡಿತು. ಅದು ಗ್ರಾಹಕರ ಖಾತೆಗೆ ನೇರವಾಗಿ ಜೋಡಣೆಯಾಗಿ ಡೆಬಿಟ್ ಕಾರ್ಡಿನಂತೆಯೇ ನಡೆಯುತ್ತದೆ. ರುಪೇ ಜಾಲದಲ್ಲಿಯೂ ‘ಆನ್ ದಿ ಗೋ’ ಎಂಬ ಹೆಸರಿನಲ್ಲಿ ಕೀಚೈನ್‌ನಂತಹ ಸಾಧನಗಳು ಬಂದಿವೆ. ನಿಮ್ಮ ಬ್ಯಾಂಕಿನ ಶಾಖೆಯಲ್ಲಿ ಇಂತಹದ್ದು ಈಗಲೂ ಹೊಸದಾಗಿ ಸಿಗುತ್ತದೆಯೇ, ಕಾರ್ಡಿನ ಅವಧಿ ಮುಗಿದ ಮೇಲೆ ಚಿಪ್ ಮಾತ್ರ ಬದಲಿಸಿಕೊಡುತ್ತಾರೆಯೇ, ವಾರ್ಷಿಕ ಶುಲ್ಕವೆಷ್ಟು ಎಂಬ ಮೂರು ಪ್ರಶ್ನೆಗಳನ್ನು ಕೇಳಿಯೇ ಮುಂದುವರಿಯಿರಿ. ಕಾರ್ಡಿನ ಅವಧಿ ಕೆಲವು ವರ್ಷಗಳಲ್ಲಿ ಮುಗಿಯುತ್ತದೆ, ಆದರೆ ಪೆನಿಸಿಲಿನ್ ಅಲರ್ಜಿಗೆ ಅಂತಹ ಅವಧಿಯಿಲ್ಲ. ಫಲಕವೂ ಪಟ್ಟಿಯೂ ಬೇರೆಯಾಗಿದ್ದರೆ ಬ್ಯಾಂಕ್ ಬದಲಾದಾಗ ಫಲಕವನ್ನು ಹೊಸ ಪಟ್ಟಿಗೆ ದಾಟಿಸಿಕೊಂಡರಾಯಿತು.

ಈ ಜೋಡಣೆಯಲ್ಲಿ ನಾವು ಮಾಡಿದ ತಪ್ಪನ್ನು ಹೇಳಿಬಿಡುತ್ತೇನೆ. ಉಕ್ಕಿನ ಫಲಕ ಚೆನ್ನಾಗಿ ಕಾಣಲೆಂದು ಅದನ್ನು ಪಟ್ಟಿಯ ನಡುಭಾಗದಲ್ಲಿ, ಅಂದರೆ ಚಿಪ್ ಇದ್ದ ಜಾಗದ ಮೇಲೆಯೇ ಕೂರಿಸಿದ್ದೆವು. ಮೆಡಿಕಲ್ ಶಾಪಿನವರು ಮಷೀನನ್ನು ಗಾಜಿನ ಕೌಂಟರ್ ಮೇಲಿಂದ ಎತ್ತಿ ಹಿಡಿದರು. ತಂದೆಯವರು ಮಣಿಕಟ್ಟನ್ನು ಅತ್ತ ತಿರುಗಿಸಿದರು, ಇತ್ತ ತಿರುಗಿಸಿದರು, ಮಷೀನ್ ಬೀಪ್ ಎನ್ನಲೇ ಇಲ್ಲ. ಹಿಂದೆ ನಿಂತಿದ್ದವರು ಗೊಣಗತೊಡಗಿದಾಗ ಅವರು ನೊಂದುಕೊಂಡು ನಗದು ಕೊಟ್ಟು ಬಂದರು, ಮರುದಿನ ಪಟ್ಟಿಯನ್ನೇ ಕಟ್ಟಿಕೊಳ್ಳಲಿಲ್ಲ. ಲೋಹದ ತಗಡು ಆಂಟೆನಾವನ್ನು ಮುಚ್ಚಿ ಕಾಂತಕ್ಷೇತ್ರವನ್ನು ತಡೆಯುತ್ತದೆ ಎಂಬುದು ಆಮೇಲೆ ತಿಳಿಯಿತು. ಫಲಕವನ್ನು ಮಣಿಕಟ್ಟಿನ ಒಳಬದಿಗೆ, ನಾಡಿ ಸಿಗುವ ಕಡೆಗೆ ಸರಿಸಿದ ಮೇಲೆ ತೊಂದರೆ ಹೋಯಿತು. ಅಲ್ಲಿಗೆ ಸರಿಸಿದ್ದರಿಂದ ಮತ್ತೊಂದು ಅನುಕೂಲವೂ ಆಯಿತು: ಆ್ಯಂಬುಲೆನ್ಸ್ ಸಿಬ್ಬಂದಿ ನಾಡಿ ಹಿಡಿಯಲು ಮೊದಲು ಬೆರಳಿಡುವುದೇ ಅಲ್ಲಿ.

ಮೂರನೆಯ ಬಗೆಯಲ್ಲಿ ಒಂದೇ ಸಿಲಿಕೋನ್ ಪಟ್ಟಿಯೊಳಗೆ ಪಾವತಿಯ ಚಿಪ್ ಮತ್ತು ವೈದ್ಯಕೀಯ ಪುಟಕ್ಕೆ ಕರೆದೊಯ್ಯುವ ಟ್ಯಾಗ್ ಅಥವಾ ಕ್ಯೂಆರ್ ಎರಡೂ ಇರುತ್ತವೆ. ಹೆಸರಿಗೆ ತಕ್ಕ ಜೋಡಿ ಸಾಧನ ಇದೇ. ಇದರಲ್ಲಿ ಬರೆಯಬಹುದಾದ ಮಾಹಿತಿಗೆ ಮಿತಿಯಿಲ್ಲ, ಔಷಧಿ ಬದಲಾದರೆ ಫೋನಿನಲ್ಲೇ ತಿದ್ದಬಹುದು, ದೂರದ ಊರಿನಲ್ಲಿರುವ ಮಕ್ಕಳೂ ಅದನ್ನು ಸರಿಪಡಿಸಬಹುದು. ಹತ್ತಾರು ಔಷಧಿ ತೆಗೆದುಕೊಳ್ಳುವವರಿಗೆ ಇದು ಸಣ್ಣ ಅನುಕೂಲವಲ್ಲ. ಆದರೆ ಎರಡು ಆಂಟೆನಾಗಳು ಹತ್ತಿರ ಹತ್ತಿರ ಇದ್ದಾಗ ಮಷೀನ್ ಗೊಂದಲಕ್ಕೆ ಬಿದ್ದು, ಒಂದೇ ಕಾರ್ಡ್ ಹಿಡಿಯಿರಿ ಎಂದು ಪಾವತಿಯನ್ನು ನಿರಾಕರಿಸುವುದುಂಟು. ಕ್ಯೂಆರ್ ಮಾದರಿಯಲ್ಲಿ ಈ ತೊಡಕಿಲ್ಲ. ಚಂದಾ ನಿಂತರೆ ಪುಟ ಏನಾಗುತ್ತದೆ ಎಂಬುದನ್ನು ಕೊಳ್ಳುವ ಮೊದಲೇ ಲಿಖಿತವಾಗಿ ಕೇಳಬೇಕು. ಪುಟ ತೆರೆದ ಕೂಡಲೇ ಮೊದಲ ಪರದೆಯಲ್ಲಿ ಕಾಯಿಲೆ, ಅಲರ್ಜಿ, ಕರೆ ಮಾಡಬೇಕಾದ ಸಂಖ್ಯೆ ಮಾತ್ರ ಕಾಣಬೇಕು. ಮನೆ ವಿಳಾಸ, ಜನ್ಮದಿನಾಂಕ, ವಿಮೆಯ ಸಂಖ್ಯೆ ಎಲ್ಲವನ್ನೂ ಸುರಿದಿಟ್ಟಿರುವ ಪುಟ ರೋಗಿಗಿಂತ ವಂಚಕರಿಗೇ ಹೆಚ್ಚು ಉಪಯುಕ್ತ. ಅದಕ್ಕಿಂತಲೂ ಮುಖ್ಯವಾಗಿ, ವೈದ್ಯಕೀಯ ಪುಟದ ಖಾತೆಗೂ ಪಾವತಿಯ ಖಾತೆಗೂ ಒಂದೇ ಪಾಸ್‌ವರ್ಡ್ ಇರಕೂಡದು.

ನಾಲ್ಕನೆಯದು ಸ್ಮಾರ್ಟ್‌ವಾಚ್. ಆ್ಯಪಲ್ 2014ರಲ್ಲೇ ಐಒಎಸ್ 8ರೊಂದಿಗೆ ಮೆಡಿಕಲ್ ಐಡಿ ಸೌಲಭ್ಯ ತಂದಿತು. ಅದರ ಗಡಿಯಾರದಲ್ಲಿ ಪಕ್ಕದ ಗುಂಡಿಯನ್ನು ಒತ್ತಿ ಹಿಡಿದರೆ ಆ ಮಾಹಿತಿಯನ್ನು ತೆರೆಯಬಹುದು. ಏರ್‌ಟೆಲ್ ಪೇಮೆಂಟ್ಸ್ ಬ್ಯಾಂಕ್ ಮತ್ತು ನಾಯ್ಸ್ ಕಂಪನಿ 2024ರಲ್ಲಿ ರುಪೇ ಚಿಪ್ ಅಡಗಿಸಿದ ಗಡಿಯಾರವನ್ನು 2,999 ರೂಪಾಯಿಗೆ ಪ್ರಕಟಿಸಿದವು. ಬಿದ್ದಾಗ ತಾನಾಗಿಯೇ ಕರೆ ಮಾಡುವ ಸಾಮರ್ಥ್ಯವಿರುವ ದುಬಾರಿ ಗಡಿಯಾರಗಳು ಒಂಟಿಯಾಗಿ ವಾಸಿಸುವ ಹಿರಿಯರಿಗೆ ನಿಜಕ್ಕೂ ದೊಡ್ಡ ಆಸರೆ. ಆದರೂ ಬ್ಯಾಟರಿ ಮುಗಿದ ಗಡಿಯಾರ ಕಪ್ಪು ಗಾಜಿನ ತುಂಡಷ್ಟೇ, ಯಾವ ಗುಂಡಿ ಒತ್ತಿದರೆ ವೈದ್ಯಕೀಯ ಮಾಹಿತಿ ಬರುತ್ತದೆಂದು ದಾರಿಹೋಕರಿಗೆ ತಿಳಿದಿರುವುದಿಲ್ಲ. ಗಡಿಯಾರ ಕೊಳ್ಳುವವರು ಅದರ ಪಟ್ಟಿಗೂ ಒಂದು ಕೆತ್ತನೆಯ ಫಲಕವನ್ನು ತೂರಿಸಬೇಕೆಂದು ನಾನು ಒತ್ತಾಯಪೂರ್ವಕವಾಗಿ ಹೇಳುತ್ತೇನೆ.

ಎಳನೀರಿನ ಗಾಡಿಯ ಪ್ರಶ್ನೆ

ವಿದೇಶಿ ಕಂಪನಿಗಳ ಜಾಹೀರಾತು ಹೇಳದ ಸಂಗತಿಯೊಂದು ನಮ್ಮ ಬೀದಿಗಳಲ್ಲಿದೆ. ಲಂಡನ್ನಿನ ಬಸ್ಸುಗಳಲ್ಲಿ 2012ರಿಂದಲೂ, ಅಲ್ಲಿನ ಸುರಂಗ ರೈಲಿನಲ್ಲಿ 2014ರಿಂದಲೂ ಕಾರ್ಡ್ ತಾಗಿಸಿ ಪ್ರಯಾಣಿಸಬಹುದು. ಹಾಗಾಗಿ ಅಲ್ಲಿ ಟ್ಯಾಪ್ ಪಟ್ಟಿಯೊಂದೇ ಇಡೀ ದಿನಕ್ಕೆ ಸಾಕಾಗುತ್ತದೆ. ನಮ್ಮಲ್ಲಿ ಎಳನೀರಿನ ಗಾಡಿ, ಹಾಲಿನ ಬೂತು, ಮೂಲೆಯ ಕಿರಾಣಿ ಅಂಗಡಿ ಇವೆಲ್ಲ ಯುಪಿಐ ಕ್ಯೂಆರ್ ಮತ್ತು ಸೌಂಡ್ ಬಾಕ್ಸ್ ಇಟ್ಟುಕೊಂಡಿವೆಯೇ ಹೊರತು ಸ್ವೈಪಿಂಗ್ ಮಷೀನನ್ನಲ್ಲ. ಮೆಡಿಕಲ್ ಶಾಪ್, ಪೆಟ್ರೋಲ್ ಬಂಕ್, ಸೂಪರ್ ಮಾರ್ಕೆಟ್, ಆಸ್ಪತ್ರೆಯ ಬಿಲ್ಲಿಂಗ್ ಕೌಂಟರ್ ಇಲ್ಲೆಲ್ಲ ಟ್ಯಾಪ್ ನಡೆಯುತ್ತದೆ. ಹೀಗಾಗಿ ಶುಗರ್ ಇಳಿದಾಗ ಮೊದಲು ಕಣ್ಣಿಗೆ ಬೀಳುವ ಗಾಡಿಯಲ್ಲಿ ಈ ಪಟ್ಟಿ ಉಪಯೋಗಕ್ಕೆ ಬಾರದಿರುವ ಸಾಧ್ಯತೆಯೇ ಹೆಚ್ಚು. ನಾವು ಕಂಡುಕೊಂಡ ಪರಿಹಾರ ತೀರ ಹಳೆಯದು: ವಾಕಿಂಗ್ ಪ್ಯಾಂಟಿನ ಜೇಬಿನಲ್ಲಿ 15 ಗ್ರಾಂ ಗ್ಲೂಕೋಸ್ ಪುಡಿಯ ಪೊಟ್ಟಣವೊಂದು, ಜೊತೆಗೆ ಮಡಚಿದ ನೂರರ ನೋಟೊಂದು ಖಾಯಂ ಆಗಿರುತ್ತವೆ. ನೀವು ವಾಸಿಸುವ ಬಡಾವಣೆಯಲ್ಲಿ, ನಿಮ್ಮ ಹಿರಿಯರು ದಿನಾ ಹೋಗುವ ಐದಾರು ಕಡೆ ಮಷೀನ್ ಇದೆಯೇ ಎಂದು ಒಮ್ಮೆ ನಡೆದು ನೋಡಿ ಬನ್ನಿ. ಅವುಗಳಲ್ಲಿ ಕನಿಷ್ಠ ಎರಡು ಕಡೆಯಾದರೂ ಇಲ್ಲವಾದರೆ ಪಾವತಿ ಪಟ್ಟಿಗೆ ಹಣ ಹಾಕಬೇಡಿ. ಕೆತ್ತನೆಯ ಪಟ್ಟಿ ಕೊಂಡು, ಅವರ ಫೋನಿನಲ್ಲಿ ಯುಪಿಐ ಸರ್ಕಲ್ ಮೂಲಕ ನಿಮ್ಮ ಖಾತೆಯಿಂದಲೇ ಮಿತಿಯೊಳಗೆ ಖರ್ಚು ಮಾಡುವ ಏರ್ಪಾಡು ಮಾಡಿಕೊಡುವುದು ಲೇಸು.

ಪಾವತಿಯ ಭದ್ರತೆ

ಪಿನ್ ಇಲ್ಲದೆ ಟ್ಯಾಪ್ ಮಾಡಬಹುದಾದ ಮೊತ್ತವನ್ನು ರಿಸರ್ವ್ ಬ್ಯಾಂಕ್ 2021ರ ಜನವರಿ 1ರಿಂದ 2,000 ರೂಪಾಯಿಯಿಂದ 5,000 ರೂಪಾಯಿಗೆ ಏರಿಸಿತು. ಇದು ಗರಿಷ್ಠ ಮಿತಿ; ಬ್ಯಾಂಕಿನ ಆ್ಯಪ್‌ನಲ್ಲಿ ನೀವೇ ಇದನ್ನು 500ಕ್ಕೋ 1,000ಕ್ಕೋ ಇಳಿಸಿಕೊಳ್ಳಲು ಸಾಧ್ಯವಿದ್ದರೆ ಖಂಡಿತ ಇಳಿಸಿಕೊಳ್ಳಿ. ರೋಗಿ ಪ್ರಜ್ಞೆ ತಪ್ಪಿ ಆಸ್ಪತ್ರೆ ಸೇರಿದಾಗ ಮೈಮೇಲಿನ ಆಭರಣ, ಗಡಿಯಾರ, ಪಟ್ಟಿ ಎಲ್ಲವನ್ನೂ ಬಿಚ್ಚಿ ಯಾರದೋ ಕೈಗೆ ಕೊಡುತ್ತಾರೆ. ಆ ಗಡಿಬಿಡಿಯಲ್ಲಿ ಪಟ್ಟಿ ಎಲ್ಲಿಗೆ ಹೋಯಿತೆಂದು ಮನೆಯವರಿಗೆ ನೆನಪಿರುವುದಿಲ್ಲ. ಆದ್ದರಿಂದ ಪಟ್ಟಿಯನ್ನು ಮುಖ್ಯ ಉಳಿತಾಯ ಖಾತೆಗೆ ಜೋಡಿಸದೆ, ಎರಡು ಮೂರು ಸಾವಿರ ಮಾತ್ರ ಇರುವ ಪ್ರತ್ಯೇಕ ಖಾತೆಗೋ ಪ್ರೀಪೇಯ್ಡ್ ಕಾರ್ಡಿಗೋ ಜೋಡಿಸುವುದು ನನ್ನ ದೃಷ್ಟಿಯಲ್ಲಿ ಅತಿ ಮುಖ್ಯವಾದ ಎಚ್ಚರಿಕೆ. ಪ್ರಿಪೇಯ್ಡ್ ಆಯ್ಕೆ ಮಾಡಿಕೊಂಡವರು ಹಣ ತುಂಬಿಸುವ ಜವಾಬ್ದಾರಿಯನ್ನು ಮನೆಯಲ್ಲಿ ಒಬ್ಬರಿಗೆ ವಹಿಸಬೇಕು.

ಅನಧಿಕೃತ ವಹಿವಾಟುಗಳ ಬಗ್ಗೆ ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ಗ್ರಾಹಕರದ್ದೂ ಬ್ಯಾಂಕಿನದ್ದೂ ತಪ್ಪಿಲ್ಲದ ಮೂರನೆಯವರ ವಂಚನೆಯನ್ನು ಮಾಹಿತಿ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರ ಮೇಲೆ ಹೊಣೆ ಬರುವುದಿಲ್ಲ. ಗ್ರಾಹಕರ ನಿರ್ಲಕ್ಷ್ಯದಿಂದಾದ ನಷ್ಟವಾದರೆ ದೂರು ಕೊಡುವವರೆಗಿನ ಮೊತ್ತ ಅವರದ್ದೇ, ದೂರಿನ ನಂತರದ್ದು ಬ್ಯಾಂಕಿನದ್ದು. ಪಟ್ಟಿಯನ್ನು ಬ್ಲಾಕ್ ಮಾಡುವ ಸಂಖ್ಯೆ ರೋಗಿಯ ಫೋನಿನಲ್ಲಿ ಮಾತ್ರ ಇದ್ದರೆ ಪ್ರಯೋಜನವಿಲ್ಲ. ಮನೆಯ ಇನ್ನಿಬ್ಬರ ಫೋನಿನಲ್ಲೂ ಇರಲಿ. ಮೆಟ್ರೋ ಪ್ರಯಾಣಕ್ಕೆಂದು ಬಳಕೆಯಲ್ಲಿರುವ ಎನ್‌ಸಿಎಂಸಿ (ದೇಶಕ್ಕೆಲ್ಲ ಒಂದೇ ಸಂಚಾರ ಕಾರ್ಡ್) ಮಾದರಿಯಲ್ಲಿ ಚಿಪ್‌ನೊಳಗೇ 2,000 ರೂಪಾಯಿವರೆಗೆ ತುಂಬಿಡಬಹುದು, ಅದಕ್ಕೆ ಪಿನ್ ಕೂಡ ಬೇಕಿಲ್ಲ. ಆ ಹಣವನ್ನು ಕೈಯಲ್ಲಿರುವ ನಗದೆಂದೇ ಭಾವಿಸಿ, ಬೇಕಾದಷ್ಟನ್ನು ಮಾತ್ರ ತುಂಬಿಸಿಕೊಳ್ಳಿ.

ಫಲಕದ ಮೇಲೆ ಏನಿರಬೇಕು

ಇಲ್ಲಿ ಆಗುವ ತಪ್ಪುಗಳು ಸಾಧನದ ಆಯ್ಕೆಯಲ್ಲಿ ಆಗುವ ತಪ್ಪುಗಳಿಗಿಂತ ಹೆಚ್ಚು ಅಪಾಯಕಾರಿ. ಬಹಳಷ್ಟು ಜನ ಹೆಸರಿನ ಕೆಳಗೆ ರಕ್ತದ ಗುಂಪನ್ನು ದೊಡ್ಡದಾಗಿ ಕೆತ್ತಿಸಿ ಜಾಗ ಮುಗಿಸುತ್ತಾರೆ. ರಕ್ತ ಕೊಡುವ ಮುನ್ನ ಆಸ್ಪತ್ರೆಯವರು ಗುಂಪನ್ನು ತಾವೇ ಪರೀಕ್ಷಿಸಿ, ಹೊಂದಾಣಿಕೆ ನೋಡಿಯೇ ಕೊಡುತ್ತಾರೆ. ಪಟ್ಟಿಯ ಮೇಲಿನ ಅಕ್ಷರವನ್ನು ನಂಬಿ ಕೊಡುವುದಿಲ್ಲ. ಆ ಜಾಗಕ್ಕೆ ಅರ್ಹವಾದದ್ದು ಪರೀಕ್ಷೆಯಿಂದ ಕೂಡಲೇ ತಿಳಿಯದ, ತಿಳಿಯದೆ ಹೋದರೆ ಚಿಕಿತ್ಸೆಯೇ ಹಾನಿ ಮಾಡುವ ಸಂಗತಿ: ಯಾವ ಔಷಧಿ ಒಗ್ಗುವುದಿಲ್ಲ, ವಾರ್ಫರಿನ್‌ನಂತಹ ರಕ್ತ ತೆಳುವಾಗಿಸುವ ಮಾತ್ರೆ ನಡೆಯುತ್ತಿದೆಯೇ, ಪೇಸ್‌ಮೇಕರ್ ಇದೆಯೇ, ಅಡ್ರಿನಲ್ ಗ್ರಂಥಿಯ ಕೊರತೆಯಿಂದ ಸ್ಟೆರಾಯ್ಡ್ ನಿಲ್ಲಿಸುವಂತಿಲ್ಲವೇ, ಹಿಮೋಫಿಲಿಯಾ ಇದೆಯೇ.

ಭಾಷೆಯ ವಿಷಯದಲ್ಲಿ ನಾನು ಎರಡನ್ನೂ ಬಳಸಲು ಹೇಳುತ್ತೇನೆ. ಕಾಯಿಲೆ ಮತ್ತು ಔಷಧಿಯ ಹೆಸರು ಇಂಗ್ಲಿಷಿನಲ್ಲಿರಲಿ. ನಮ್ಮ ನಗರಗಳ ಕ್ಯಾಶುಯಾಲ್ಟಿಗಳಲ್ಲಿ ಬೇರೆ ಬೇರೆ ರಾಜ್ಯಗಳ ವೈದ್ಯರೂ ನರ್ಸ್‌ಗಳೂ ಇರುತ್ತಾರೆ. ದಾರಿಹೋಕರಿಗೆ ಹೇಳಬೇಕಾದ ಮಾತು ಕನ್ನಡದಲ್ಲಿರಲಿ. ತಂದೆಯವರ ಫಲಕದಲ್ಲಿ ‘ಕುಡಿದಿಲ್ಲ, ಶುಗರ್ ಇಳಿದಿದೆ, 108ಕ್ಕೆ ಕರೆ ಮಾಡಿ’ ಎಂದು ಬರೆಸಿದ್ದೇವೆ. ಎಚ್ಚರವಿದ್ದರೆ ಮಾತ್ರ ಸಿಹಿ ಕೊಡಬೇಕೆಂಬ ಸೂಚನೆ ಹಿಂಬದಿಯಲ್ಲಿದೆ, ಏಕೆಂದರೆ ಪ್ರಜ್ಞೆಯಿಲ್ಲದವರ ಬಾಯಿಗೆ ಸಕ್ಕರೆ ನೀರು ಸುರಿದರೆ ಅದು ಶ್ವಾಸನಾಳಕ್ಕೆ ಹೋಗುತ್ತದೆ. ಮೂರ್ಛೆ ರೋಗ ಇರುವವರಿಗಾದರೆ ‘ಬಾಯಿಗೆ ಏನನ್ನೂ ಹಾಕಬೇಡಿ, ಒಂದು ಮಗ್ಗುಲಿಗೆ ಮಲಗಿಸಿ, 5 ನಿಮಿಷ ಮೀರಿದರೆ ಆ್ಯಂಬುಲೆನ್ಸ್’ ಎಂಬ ಸಾಲು ಬೇಕೇ ಬೇಕು. ಕೈಗೆ ಕಬ್ಬಿಣ ಕೊಡುವ, ಹಲ್ಲಿನ ನಡುವೆ ಚಮಚ ತೂರಿಸುವ ರೂಢಿ ನಮ್ಮಲ್ಲಿ ಇನ್ನೂ ಹೋಗಿಲ್ಲ. 108 ಆರೋಗ್ಯ ಕವಚ ಸೇವೆ ಕರ್ನಾಟಕದಲ್ಲಿ 2008ರ ನವೆಂಬರ್ 1ರಿಂದ ನಡೆಯುತ್ತಿದೆ. ಹೊರರಾಜ್ಯಗಳಿಗೆ ಓಡಾಡುವವರು ಅದರ ಜೊತೆಗೆ 112 ಎಂದೂ ಕೆತ್ತಿಸಿಕೊಳ್ಳಬಹುದು. ನೆರವಿಗೆ ಬರುವವರು ಪೊಲೀಸರ ಭಯದಿಂದ ಹಿಂಜರಿಯುವುದುಂಟು. ರಸ್ತೆ ಅಪಘಾತದ ಗಾಯಾಳುಗಳಿಗೆ ಸದುದ್ದೇಶದಿಂದ ನೆರವಾದವರಿಗೆ 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ 134ಎ ವಿಧಿ ರಕ್ಷಣೆ ನೀಡುತ್ತದೆ ಎಂಬುದು ಇನ್ನಷ್ಟು ಜನರಿಗೆ ತಿಳಿಯಬೇಕಿದೆ.

ಆಧಾರ್ ಸಂಖ್ಯೆಯನ್ನು ಎಂದಿಗೂ ಕೆತ್ತಿಸಬೇಡಿ. 14 ಅಂಕಿಯ ಆಭಾ (ಸರ್ಕಾರದ ಡಿಜಿಟಲ್ ಆರೋಗ್ಯ ಖಾತೆ) ಸಂಖ್ಯೆಯನ್ನು ಹಾಕಬಹುದೇ ಎಂದು ಹಲವರು ಕೇಳುತ್ತಾರೆ. ಅದರ ಹಿಂದಿರುವ ದಾಖಲೆ ತೆರೆಯಲು ರೋಗಿಯ ಒಪ್ಪಿಗೆ ಬೇಕಾದ್ದರಿಂದ, ಮೊದಲ ಹತ್ತು ನಿಮಿಷಗಳಲ್ಲಿ ಅದು ನೆರವಿಗೆ ಬರುವುದಿಲ್ಲ.

ನಮ್ಮ ಕೈಗಳಲ್ಲಿ ಬಳೆ, ತಾಮ್ರದ ಕಡಗ, ದೇವಸ್ಥಾನದ ದಾರ ಮೊದಲೇ ತುಂಬಿರುತ್ತವೆ. ಬೆಳ್ಳಿಬಣ್ಣದ ಫಲಕ ಅವುಗಳ ನಡುವೆ ಮತ್ತೊಂದು ಒಡವೆಯಾಗಿ ಮರೆಯಾಗಿಬಿಡುತ್ತದೆ. ಹಾವು ಸುತ್ತಿದ ದಂಡದ ಚಿಹ್ನೆ ಕೆಂಪು ಬಣ್ಣದಲ್ಲಿ ಎದ್ದು ಕಾಣುವಂತಿರಲಿ. ಕೈತುಂಬ ಗಾಜಿನ ಬಳೆ ತೊಡುವ ನಮ್ಮ ತಾಯಿಯವರಿಗೆ ಕೈಪಟ್ಟಿ ಹೊಂದಲಿಲ್ಲ. ಅವರಿಗೆ ಪೆನಿಸಿಲಿನ್ ಅಲರ್ಜಿಯ ಪದಕವನ್ನು ಕೊರಳ ಸರಕ್ಕೆ ಪೋಣಿಸಿದ್ದೇವೆ, ಪಾವತಿಗೆ ಬೇರೆ ಕಾರ್ಡ್ ಇದೆ.

ದೇಹಕ್ಕೆ ಹೊಂದುತ್ತದೆಯೇ

ಡಯಾಲಿಸಿಸ್‌ಗಾಗಿ ಫಿಸ್ಟುಲಾ (ರಕ್ತನಾಳಗಳ ಜೋಡಣೆ) ಮಾಡಿಸಿಕೊಂಡಿರುವ ಕೈಗೆ ಯಾವುದೇ ಬಿಗಿಯಾದ ಪಟ್ಟಿ ಕಟ್ಟಬಾರದು. ಸ್ತನದ ಶಸ್ತ್ರಚಿಕಿತ್ಸೆಯಲ್ಲಿ ಕಂಕುಳಿನ ಗ್ರಂಥಿ ತೆಗೆಸಿಕೊಂಡವರು ಆ ಬದಿಯ ಕೈಯನ್ನು ಬಿಟ್ಟು ಇನ್ನೊಂದಕ್ಕೆ ಕಟ್ಟಿಕೊಳ್ಳುವುದು ಕ್ಷೇಮ. ಪೇಸ್‌ಮೇಕರ್ ಇರುವವರು ಅಯಸ್ಕಾಂತದ ಕೊಂಡಿಯ ಪಟ್ಟಿಯನ್ನು ಕೊಳ್ಳದಿರುವುದೇ ಉತ್ತಮ. ಅಯಸ್ಕಾಂತವಿರುವ ವಸ್ತುಗಳನ್ನು ಪೇಸ್‌ಮೇಕರ್‌ನಿಂದ ಸುಮಾರು 15 ಸೆಂಟಿಮೀಟರ್ ದೂರವಿಡಬೇಕೆಂದು ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ ಸಲಹೆ ನೀಡಿದೆ, ಎದೆಯ ಮೇಲೆ ಕೈಯಿಟ್ಟು ಮಲಗುವವರಿಗೆ ರಾತ್ರಿಯಿಡೀ ಆ ಅಂತರ ಉಳಿಯುವುದಿಲ್ಲ. ಎಂಆರ್‌ಐ ಕೋಣೆಯೊಳಗೆ ಪಟ್ಟಿ ಹೋಗಕೂಡದು. ಮಲೆನಾಡಿನ ಮಳೆಗಾಲದಲ್ಲಿ ಸಿಲಿಕೋನ್ ಪಟ್ಟಿಯಡಿ ನೀರು ನಿಂತು ಚರ್ಮ ಬೆಳ್ಳಗಾಗಿ ತುರಿಸುವುದರಿಂದ, ಸ್ನಾನದ ನಂತರ ಬಿಚ್ಚಿ ಒರೆಸಿ ಮತ್ತೆ ಕಟ್ಟಿಕೊಳ್ಳಲು ಸುಲಭವಾದ ಕೊಂಡಿ ಇರಬೇಕು. ಬೆರಳುಗಳಲ್ಲಿ ಶಕ್ತಿ ಕಡಿಮೆಯಾದ ಹಿರಿಯರು ಕೊಳ್ಳುವ ಮೊದಲು ಅಂಗಡಿಯಲ್ಲೇ ತಾವಾಗಿ ಒಮ್ಮೆ ಬಿಚ್ಚಿ ಹಾಕಿಕೊಂಡು ನೋಡಲಿ.

ಯಾರಿಗೆ ಯಾವುದು

ಫಿಟ್ಸ್ ಬರುವ ಮಕ್ಕಳಿಗೆ, ಮರೆವಿನ ಕಾಯಿಲೆಯ ಹಿರಿಯರಿಗೆ ಪಾವತಿಯಿಲ್ಲದ ಕೆತ್ತನೆಯ ಪಟ್ಟಿಯೇ ಸರಿ. ಅವರ ಕೈಗೆ ಹಣದ ಹೊಣೆ ಹೊರಿಸುವುದು ಬೇಡ. ಕೆಲಸಕ್ಕೆ ಹೋಗುವ, ಬೆಳಿಗ್ಗೆ ಓಡುವ, ಈಜುವ ಮಧುಮೇಹಿಗಳಿಗೆ ಬ್ಯಾಂಕಿನ ಪಟ್ಟಿ ಮತ್ತು ತೂರಿಸಿದ ಫಲಕದ ಜೋಡಿಯನ್ನು ಹಿಂಜರಿಕೆಯಿಲ್ಲದೆ ಹೇಳುತ್ತೇನೆ. ತಂದೆಯವರ ಕೈಯಲ್ಲಿ ಈಗ ಇರುವುದೂ ಅದೇ. ಔಷಧಿಗಳ ಪಟ್ಟಿ ಪದೇ ಪದೇ ಬದಲಾಗುವವರು ಮೂರನೆಯ ಬಗೆಯನ್ನು ಆರಿಸಬಹುದು, ಆದರೆ ಅತಿ ಮುಖ್ಯವಾದ ಎರಡು ಸಾಲು ಬರಿಗಣ್ಣಿಗೆ ಕಾಣುವಂತೆ ಅಚ್ಚಾಗಿರಲೇಬೇಕು. ಒಂಟಿಯಾಗಿರುವ, ದಿನಾ ಚಾರ್ಜ್ ಮಾಡುವ ಅಭ್ಯಾಸವಿರುವ ಹಿರಿಯರಿಗೆ ಗಡಿಯಾರ ಮತ್ತು ಫಲಕ ಒಟ್ಟಿಗೆ.

ಮಕ್ಕಳನ್ನು ನೋಡಲು ಆರು ತಿಂಗಳು ಅಮೆರಿಕಕ್ಕೋ ಇಂಗ್ಲೆಂಡಿಗೋ ಹೋಗುವ ತಂದೆ ತಾಯಿಯರಿಗೆ ಇನ್ನೊಂದು ಮಾತು. ನಮ್ಮ ಬ್ಯಾಂಕುಗಳ ಕಾರ್ಡುಗಳಲ್ಲಿ ವಿದೇಶಿ ಬಳಕೆ ತಾನಾಗಿ ತೆರೆದಿರುವುದಿಲ್ಲ, ಆ್ಯಪ್‌ನಲ್ಲಿ ನೀವೇ ಆನ್ ಮಾಡಬೇಕು. ಮರಳಿದ ಮೇಲೆ ಆಫ್ ಮಾಡಬೇಕು. ಫಲಕದ ಕರೆ ಸಂಖ್ಯೆಯ ಮುಂದೆ +91 ಇಲ್ಲದಿದ್ದರೆ ಅಲ್ಲಿನವರಿಗೆ ಕರೆ ಹೋಗುವುದಿಲ್ಲ, 108 ಎಂಬ ಅಂಕಿ ಅಲ್ಲಿ ಏನನ್ನೂ ಸೂಚಿಸುವುದಿಲ್ಲ. ಪ್ರಯಾಣಕ್ಕೆಂದೇ ಅಲ್ಲಿರುವ ಮಗ ಅಥವಾ ಮಗಳ ಸಂಖ್ಯೆ ಕೆತ್ತಿಸಿದ ಎರಡನೆಯ ಫಲಕವನ್ನು ಮಾಡಿಸಿಟ್ಟರೆ, ಅದೇ ಪಟ್ಟಿಗೆ ಅದನ್ನು ಬದಲಾಯಿಸಿಕೊಳ್ಳಬಹುದು.

ಪಟ್ಟಿ ಮನೆಗೆ ಬಂದ ದಿನವೇ ಕಾಯಿಲೆಯ ಬಗ್ಗೆ ಏನೂ ತಿಳಿಯದ ನೆರೆಮನೆಯವರೊಬ್ಬರ ಕೈಗೆ ಅದನ್ನು ಕೊಟ್ಟು, ಕನ್ನಡಕವಿಲ್ಲದೆ, ಮಬ್ಬು ಬೆಳಕಿನಲ್ಲಿ ಜೋರಾಗಿ ಓದಿ ಹೇಳಲು ಕೇಳಿ. ಅವರು ಯಾವ ಪದದ ಬಳಿ ತಡವರಿಸುತ್ತಾರೋ ಆ ಪದವನ್ನು ಬದಲಿಸಿ ಕೆತ್ತಿಸಿ. ನಮ್ಮ ಮೊದಲ ಫಲಕದಲ್ಲಿ ಅಕ್ಷರಗಳು ಚಿಕ್ಕದಾಗಿ, ಸಾಲುಗಳು ಏಳಾಗಿದ್ದವು. ಎದುರುಮನೆಯ ಅಜ್ಜಿಗೆ ಓದಲು ಆದದ್ದು ಹೆಸರು ಮಾತ್ರ. ಈಗಿನದರಲ್ಲಿ ಮೇಲ್ಬದಿಗೆ ನಾಲ್ಕೇ ಸಾಲುಗಳಿವೆ, ಹೆಸರು ಕೊನೆಯ ಸಾಲಿನಲ್ಲಿದೆ.